ಕೋಡ್ ಓದುವಾಗ ಕಣ್ಣು ಎಲ್ಲೆಲ್ಲಿ ಓಡುತ್ತದೆ?

ಅಣ್ಣನ ಮಗಳು ಕಾರವಾರದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಬೇಸಿಗೆ ರಜೆಗೆ ಶಿರಸಿಗೆ ಬಂದವಳು ಒಂದು ಮಧ್ಯಾಹ್ನ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪಕ್ಕದಲ್ಲಿ ಅತ್ತಿಗೆ ಚಾಲಿ ಅಡಿಕೆ ಆರಿಸುತ್ತಿದ್ದರು.

"ಅತ್ತೆ, ತಪ್ಪು ಎಲ್ಲಿದ್ದು ಹೇಳಿ ಗೊತ್ತಾಗ್ತಿಲ್ಲೆ" ಅಂದಳು.

ಐದು ಅಡಿಕೆ ಚೀಲಗಳ ತೂಕ ಕೂಡಿಸಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪುಟ್ಟ ಪ್ರೋಗ್ರಾಂ ಅದು. 60, 58, 65, 62, 59. ಒಟ್ಟು 304 ಕಿಲೋ ಬರಬೇಕು, ಬರುತ್ತಿದ್ದದ್ದು 244. ಅವಳು ಬೆರಳಿಟ್ಟು ಮೇಲಿನಿಂದ ಒಂದೊಂದೇ ಸಾಲು ಓದುತ್ತಾ ಬಂದಳು. ಒಂದೇ ಕೆಲಸವನ್ನು ಸುತ್ತು ಸುತ್ತಾಗಿ ಮಾಡಿಸುವ ಸಾಲುಗಳಿಗೆ ಲೂಪ್ ಎನ್ನುತ್ತಾರೆ. ಅದರ ಮೇಲೆ 'ಎಲ್ಲ ಚೀಲಗಳ ತೂಕ ಕೂಡಿಸು' ಎಂಬ ಕಾಮೆಂಟ್, ಅಂದರೆ ಓದುವವರಿಗಾಗಿ ಬರೆದ ಟಿಪ್ಪಣಿ, ಇತ್ತು. ಅಲ್ಲಿ ನಿಂತಳು, ತಲೆಯಾಡಿಸಿದಳು, ಮುಂದೆ ಹೋದಳು. ಮೂರು ಸಲ ಓದಿದಾಗಲೂ ಹಾಗೇ ಆಯಿತು.

ನಾನು ಪ್ರೋಗ್ರಾಮಿಂಗ್ ಕಲಿಸುವವಳು. ಮಕ್ಕಳ ಉತ್ತರ ನೋಡಿದ್ದೇನೆಯೇ ಹೊರತು ಅವರು ಓದುವುದನ್ನು ಇಷ್ಟು ಹತ್ತಿರದಿಂದ ನೋಡಿದ್ದು ಕಡಿಮೆ. ಬೆರಳು ಇಷ್ಟು ಹೇಳುವುದಾದರೆ, ಕಣ್ಣು ಎಷ್ಟು ಹೇಳಬಹುದು ಅಲ್ವಾ?

ಕಣ್ಣಿನ ಚಲನೆ ಹಿಡಿಯುವ ಯಂತ್ರಕ್ಕೆ ಐ ಟ್ರ್ಯಾಕರ್ ಎನ್ನುತ್ತಾರೆ. ಪರದೆಯ ಕೆಳಗಿಂದ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಬೀಳುತ್ತದೆ. ಕಣ್ಣಿನ ಹೊರಪದರದ ಮೇಲೆ ಅದರ ಪುಟ್ಟ ಹೊಳಪು ಮೂಡುತ್ತದೆ. ಆ ಹೊಳಪಿಗೂ ಕಣ್ಣಪಾಪೆಯ ನಡುವಿಗೂ ಎಷ್ಟು ಅಂತರ, ಯಾವ ದಿಕ್ಕು ಎಂದು ಕ್ಯಾಮೆರಾ ಅಳೆಯುತ್ತದೆ. ಅದರಿಂದ ನೋಟ ಪರದೆಯ ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ.

ಓದುವಾಗ ಕಣ್ಣು ಸಾಲಿನ ಮೇಲೆ ಜಾರುತ್ತಾ ಹೋಗುತ್ತದೆ ಎಂದುಕೊಂಡಿರುತ್ತೇವೆ. ಹಾಗಲ್ಲ, ಅದು ಜಿಗಿಯುತ್ತದೆ. ಒಂದು ಕಡೆ ಸುಮಾರು ಕಾಲು ಸೆಕೆಂಡ್ ನಿಲ್ಲುತ್ತದೆ, ಆಮೇಲೆ ಟಕ್ಕನೆ ಇನ್ನೊಂದು ಕಡೆಗೆ ಹಾರುತ್ತದೆ. ಹಾರುವಾಗ ನಮಗೆ ಹೆಚ್ಚೇನೂ ಕಾಣುವುದಿಲ್ಲ. ತೀರಾ ಸ್ಪಷ್ಟವಾಗಿ ಕಾಣುವ ಜಾಗವೂ ಸಣ್ಣದು. ಕೈ ಚಾಚಿ ಹೆಬ್ಬೆರಳು ಹಿಡಿದರೆ ಅದರ ಉಗುರಿನಷ್ಟು. ಹಾಗಾಗಿ ಕಣ್ಣು ಎಲ್ಲಿ ನಿಂತಿತು ಎನ್ನುವುದು ಮನಸ್ಸು ಎಲ್ಲಿತ್ತು ಎನ್ನುವುದಕ್ಕೆ ಒಳ್ಳೆಯ ಸುಳಿವು.

1990ರಲ್ಲಿ ಸಂಶೋಧಕರಾದ ಮಾರ್ಥಾ ಕ್ರಾಸ್ಬಿ ಮತ್ತು ಯಾನ್ ಸ್ಟೆಲೋವ್ಸ್ಕಿ ಈ ಯಂತ್ರದ ಮುಂದೆ ಪ್ರೋಗ್ರಾಂ ಇಟ್ಟು ಜನರಿಂದ ಓದಿಸಿದ ಅಧ್ಯಯನ ಪ್ರಕಟಿಸಿದರು. ಅನುಭವ ಕಡಿಮೆ ಇದ್ದವರ ಕಣ್ಣು ಕಾಮೆಂಟ್‌ಗಳ ಮೇಲೆ ಜಾಸ್ತಿ ಹೊತ್ತು ನಿಂತಿತ್ತು. ಪಳಗಿದವರು ಕೋಡ್‌ನ ಕಷ್ಟದ, ಮುಖ್ಯವಾದ ಸಾಲುಗಳಿಗೆ ಹೆಚ್ಚು ಗಮನ ಕೊಟ್ಟಿದ್ದರು. ನಮ್ಮ ಜಗಲಿಯಲ್ಲಿ ನಡೆದದ್ದೂ ಅದೇ. ಹೊಸಬರಿಗೆ ಕಾಮೆಂಟ್ ಎಂದರೆ ಅರ್ಥವಾಗುವ ಭಾಷೆ, ಸಹಜವಾಗಿ ಅದನ್ನೇ ನಂಬುತ್ತಾರೆ. ಆದರೆ ಕಂಪ್ಯೂಟರ್ ಕಾಮೆಂಟನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

2015ರ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಕಥೆ ಓದುವಷ್ಟು ನೇರವಾಗಿ, ಮೇಲಿಂದ ಕೆಳಕ್ಕೆ, ಹೊಸಬರೂ ಕೋಡ್ ಓದುವುದಿಲ್ಲ. ಪಳಗಿದವರಂತೂ ಇನ್ನೂ ಕಡಿಮೆ. ಒಂದು ಹೆಸರು ಕಂಡರೆ ಅದಕ್ಕೆ ಮೌಲ್ಯ ಕೊಟ್ಟ ಜಾಗಕ್ಕೆ ಹಿಂದೆ ಹೋಗಬಹುದು. ಫಂಕ್ಷನ್, ಅಂದರೆ ಬೇರೆಡೆ ಹೆಸರಿಟ್ಟು ಬರೆದ ಕೋಡ್ ತುಣುಕನ್ನು, ಕರೆದಿದ್ದರೆ ಅದು ಇರುವಲ್ಲಿಗೆ ಹಾರಬಹುದು. ಹೀಗೆ ಓದುವುದನ್ನು ತರಗತಿಯಲ್ಲಿ ನಾವು ತೋರಿಸಿಕೊಡುವುದೇ ಇಲ್ಲ. ಮೊದಲ ದಿನದಿಂದ 'ಬರೆಯಿರಿ, ಬರೆಯಿರಿ' ಎನ್ನುತ್ತೇವೆ. ಇದು ನಮ್ಮ ಪಾಠದ ದೊಡ್ಡ ಕೊರತೆ ಎಂದೇ ನನ್ನ ಅನಿಸಿಕೆ.

ಯಂತ್ರಕ್ಕೂ ಮಿತಿ ಇದೆ. ಒಂದು ಸಾಲಿನ ಮೇಲೆ ಕಣ್ಣು ತುಂಬಾ ಹೊತ್ತು ನಿಂತರೆ ಅರ್ಥವಾಗದೆ ನಿಂತಿತೋ, ಆಳವಾಗಿ ಯೋಚಿಸುತ್ತಾ ನಿಂತಿತೋ ಅದಕ್ಕೆ ತಿಳಿಯದು. ಅದಕ್ಕೇ ಕೆಲವು ಸಂಶೋಧಕರು ಆಮೇಲೆ ಆ ನೋಟದ ದಾರಿಯನ್ನು ವಿದ್ಯಾರ್ಥಿಗೇ ತೋರಿಸಿ, ಇಲ್ಲಿ ಏನು ಯೋಚಿಸುತ್ತಿದ್ದೆ ಎಂದು ಕೇಳುತ್ತಾರೆ. ಯಂತ್ರವಿಲ್ಲದೆ ಪಕ್ಕದಲ್ಲಿ ಕೂತೂ ಇದನ್ನು ಕೇಳಬಹುದು.

ನಾನು ಕಾಮೆಂಟ್ ಅಳಿಸಿದೆ. "ಈಗ ನೀನೇ ಕಂಪ್ಯೂಟರ್. ಒಂದೊಂದು ಸುತ್ತಿಗೂ ಯಾವ ಚೀಲ ಎತ್ತುತ್ತೀಯ, ಹೇಳು" ಎಂದೆ. ಪಟ್ಟಿಯ ಎಣಿಕೆ ಪೈಥಾನ್‌ನಲ್ಲಿ 0ಯಿಂದ ಶುರು, ಅಂದರೆ ಮೊದಲ ಚೀಲದ ಸಂಖ್ಯೆ 0. ಅವಳ ಲೂಪ್ 1ರಿಂದ ಹೊರಟಿತ್ತು. ಬೆರಳು ಲೂಪ್‌ನಿಂದ ಪಟ್ಟಿಗೆ ಹೋಯಿತು, ಮತ್ತೆ ಲೂಪ್‌ಗೆ ಬಂತು, ಮತ್ತೆ ಪಟ್ಟಿಗೆ ಹೋಗಿ 58ರ ಮೇಲೆ ನಿಂತಿತು.

"ಅತ್ತೆ, 60 ಕಿಲೋದ ಚೀಲ ಎಲ್ಲಿ ಹೋತು?"