ಕೋಡ್‌ಗೂ ಮುಂಚೆ ಡಿಸೈನ್ ಡಾಕ್: ‘ನಾಳೆ’ ಅಂದರೆ ಯಾವ ದಿನ?

ಪುಣೆಯ ವಾಕಡ್‌ನಲ್ಲಿ ನಾವು ನಾಲ್ವರು ಕನ್ನಡದ ಗೆಳೆಯರು ಊಟ ತರಿಸುವ ಮೆಸ್‌ಗೆ ಒಂದು ಸಣ್ಣ ಆ್ಯಪ್ ಮಾಡುತ್ತಿದ್ದೇವೆ. ‘ನಾಳೆ ಡಬ್ಬ ಬೇಡ’ ಅಂತ ಒತ್ತಿದರೆ ಡಬ್ಬ ರದ್ದಾಗಬೇಕು, ಅಷ್ಟೇ. ಹಾಗಾಗಿ ಡಿಸೈನ್ ಡಾಕ್ (ಏನು ಮಾಡುತ್ತೇವೆ, ಯಾಕೆ ಅಂತ ಕೋಡ್‌ಗೂ ಮುಂಚೆ ಬರೆದಿಡುವ ಟಿಪ್ಪಣಿ) ಬರೆಯದೆ ನೇರ ಕೋಡ್‌ಗೆ ಕೂತೆವು. ಎರಡು ವಾರದ ಕೆಲಸ ಕಿತ್ತು ಹಾಕಬೇಕಾಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಡಾಕ್‌ನಲ್ಲಿ ಏನಿರಬೇಕು: ಸಮಸ್ಯೆ, ನಾವು ಮಾಡುವುದು, ಬೇಕಂತಲೇ ಮಾಡದೆ ಬಿಡುವುದು, ಯೋಚಿಸಿ ಕೈಬಿಟ್ಟ ದಾರಿಗಳು. ಎರಡು ಪುಟ ಸಾಕು. ಕೈಬಿಟ್ಟದ್ದನ್ನೂ ಬರೆಯಿರಿ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬದಲಾವಣೆಗೆ ಬರೆಯುವ ‘ಪೆಪ್’ ಪ್ರಸ್ತಾವಗಳ ಮಾದರಿಯಲ್ಲಿ ಅದಕ್ಕೇ ಒಂದು ಭಾಗವಿದೆ. ಇಲ್ಲದಿದ್ದರೆ ಅದೇ ವಾದ ತಿಂಗಳು ಬಿಟ್ಟು ಮತ್ತೆ ಶುರುವಾಗುತ್ತದೆ.

ನಾನು ಎಡವಿದ್ದು ಇಲ್ಲಿ: ಗಡಿಯಾರದ ಸಮಯ ಹಾಕಿ ಒಂದು ಉದಾಹರಣೆ ಬರೆಯಲಿಲ್ಲ.

‘ಗ್ರಾಹಕರು ನಾಳೆಯ ಡಬ್ಬ ರದ್ದು ಮಾಡಬಹುದು’ ಅಂತಷ್ಟೇ ಬರೆದರೆ ಓದಲು ಸರಿಯಾಗೇ ಇದೆ, ಅಲ್ವಾ? ಈಗ ಸಮಯ ಹಾಕಿ. ಪುಣೆಯ ಐಟಿ ಪ್ರದೇಶ ಹಿಂಜವಡಿಯಲ್ಲಿ ಶಿಫ್ಟ್ ಮುಗಿಸಿ ಬಂದವರೊಬ್ಬರು 14 ಮುಗಿದು 15 ಶುರುವಾದ ರಾತ್ರಿ 12:10ಕ್ಕೆ ಒತ್ತಿದರು. ಅವರ ಮನಸ್ಸಿನಲ್ಲಿ ‘ನಾಳೆ’ ಅಂದರೆ ಮಲಗಿ ಎದ್ದ ಮೇಲೆ, ಅಂದರೆ 15. ಫೋನಿನಲ್ಲಿ ಆಗಲೇ 15 ಆಗಿದೆ, ಅದರ ನಾಳೆ 16. ನಮ್ಮ ಸರ್ವರ್ ಯುಟಿಸಿ ಸಮಯದಲ್ಲಿತ್ತು (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ), ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಇನ್ನೂ 14, ಸಂಜೆ 6:40. ಅದರ ನಾಳೆ 15. ಹೀಗಾಗಿ ಪರದೆಯ ಮೇಲೆ ‘16 ರದ್ದು’, ಡೇಟಾಬೇಸ್‌ನಲ್ಲಿ 15 ರದ್ದು. ಬೆಳಗಿನ 5:30 ದಾಟಿದರೆ ಫೋನಿನ, ಸರ್ವರ್‌ನ ತಾರೀಖು ಎರಡೂ ಒಂದೇ ಆಗುತ್ತವೆ. ನಾವು ಹಗಲಲ್ಲೇ ಟೆಸ್ಟ್ ಮಾಡುತ್ತಿದ್ದೆವು, ಈ ತಪ್ಪು ಸಿಗಲೇ ಇಲ್ಲ. ಒತ್ತಿದ ಸಮಯವನ್ನೂ ಉಳಿಸಿರಲಿಲ್ಲ, ಬರೀ ತಾರೀಖು. ಹಳೆಯ ದಾಖಲೆಯಲ್ಲಿ ಯಾವುದು ತಪ್ಪು ಅಂತ ಹುಡುಕಲು ದಾರಿಯೇ ಉಳಿಯಲಿಲ್ಲ.

ಯುಟಿಸಿ ಇಡುವುದು ತಪ್ಪಲ್ಲ. ಒತ್ತಿದ ಕ್ಷಣವನ್ನು ಯುಟಿಸಿಯಲ್ಲೇ ಇಡಿ. ಆದರೆ ‘ಯಾವ ದಿನದ ಡಬ್ಬ’ ಅನ್ನುವುದು ಬೇರೆಯೇ ವಿಷಯ, ಅದನ್ನು ಭಾರತದ ತಾರೀಖಾಗಿ ಪ್ರತ್ಯೇಕ ಇಡಿ. ಈ ಎರಡನ್ನು ಒಂದೇ ಅಂದುಕೊಂಡಿದ್ದೇ ನನ್ನ ಗೊಂದಲ.

ಆಮೇಲೆ ಡಾಕ್ ಬರೆಯುವಾಗ ಮೆಸ್ಸಿನ ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ) ಹತ್ತಿರ ಹೋಗಿ ಕೇಳಿದೆವು. ರಾತ್ರಿ 9ಕ್ಕೆ ಮಡಿಕೆ ಕಾಳು ನೆನೆಹಾಕುತ್ತಾರಂತೆ, ಅಷ್ಟರೊಳಗೆ ಲೆಕ್ಕ ಬೇಕು ಅಂದರು. ಅದೇ ನಮ್ಮ ಕೊನೆಯ ಸಮಯ ಆಯಿತು. 9 ದಾಟಿದರೆ ಮರುದಿನದ ಬಟನ್ ಮುಚ್ಚುತ್ತದೆ. ಬಟನ್ ಮೇಲೆ ‘ನಾಳೆ’ ತೆಗೆದು ವಾರ, ತಾರೀಖು ಹಾಕಿದೆವು.

ಇನ್ನು ಭಾನುವಾರ ಬಾಕಿ ಇದೆ. ಅವತ್ತು ಒಂದೇ ಹೊತ್ತಿನ ಡಬ್ಬ. ಅದರ ಸಮಯಕ್ಕೂ ಕಾಕೂ ಹತ್ತಿರ ಕೂತೇ ಬರೆಯಬೇಕು.