ಕಾರ್ನಿಯಾ ಕಸಿ: ದುಂಡಗೆ ಕತ್ತರಿಸೋದು ಯಾಕೆ ಅಷ್ಟು ಕಷ್ಟ?

ಕಣ್ಣಿನ ಮುಂದಿರುವ ಗಾಜಿನಂಥ ಪೊರೆಯೇ ಕಾರ್ನಿಯಾ. ನಡುವೆ ಅದರ ದಪ್ಪ ಬರೀ ಅರ್ಧ ಮಿಲಿಮೀಟರ್. ಅದು ಬೆಳ್ಳಗಾದರೆ, ಹಾಳಾದ ಭಾಗವನ್ನು ಬಿಲ್ಲೆಯಂತೆ ದುಂಡಗೆ ತೆಗೆದು ದಾನಿಯ ಕಣ್ಣಿನ ಬಿಲ್ಲೆ ಕೂರಿಸುತ್ತಾರೆ. ದುಂಡು ಸ್ವಲ್ಪ ಸೊಟ್ಟಗಾದರೂ ಸಾಕು, ಕಸಿ ತಿಳಿಯಾಗಿದ್ದರೂ ಅಕ್ಷರಗಳು ಎಳೆದಂತೆ ಕಾಣುತ್ತವೆ. ಅಸ್ಟಿಗ್ಮ್ಯಾಟಿಸಂ ಅನ್ನೋದು ಇದನ್ನೇ.

ದುಂಡಗೆ ಕತ್ತರಿಸಲು ಜರ್ಮನಿಯ ವೈದ್ಯ ಆರ್ಥರ್ ವಾನ್ ಹಿಪ್ಪೆಲ್ 1880ರ ದಶಕದಲ್ಲಿ ಒಂದು ಟ್ರಿಫೈನ್, ಅಂದರೆ ದುಂಡಗೆ ಕೊರೆಯುವ ಉಪಕರಣ, ಮಾಡಿದರು. ಗಡಿಯಾರದಂತೆ ಕೀ ಕೊಟ್ಟರೆ ಅದರ ಕೊಳವೆಯಂಥ ಅಲಗು ತಾನೇ ತಿರುಗುತ್ತಿತ್ತು. 1905ರ ಡಿಸೆಂಬರ್ 7ರಂದು, ಇಂದಿನ ಜೆಕ್ ದೇಶದ ಓಲೊಮೌಟ್ಸ್‌ನಲ್ಲಿ ಕಣ್ಣಿನ ವೈದ್ಯ ಎಡುವರ್ಡ್ ಜಿರ್ಮ್ ಅದನ್ನೇ ಹಿಡಿದರು. ಸುಣ್ಣ ಬಿದ್ದು ಎರಡೂ ಕಣ್ಣು ಸುಟ್ಟುಕೊಂಡಿದ್ದ ಕೂಲಿಯೊಬ್ಬನಿಗೆ, ಪೆಟ್ಟಾಗಿ ತೆಗೆಯಬೇಕಾಗಿ ಬಂದ 11 ವರ್ಷದ ಹುಡುಗನ ಕಣ್ಣಿನಿಂದ ಕಸಿ ಮಾಡಿದರು. ಒಂದು ಕಣ್ಣಿನ ಕಸಿ ತಿಳಿಯಾಗಿಯೇ ಉಳಿಯಿತು.

1930ರ ದಶಕದಲ್ಲಿ ಇನ್ನೊಬ್ಬ ಕಣ್ಣಿನ ವೈದ್ಯ ರಾಮೋನ್ ಕಾಸ್ಟ್ರೊವಿಯೆಹೊ ಜೋಡಿ ಅಲಗಿನ ಚಾಕುವಿನಿಂದ ಚೌಕಾಕಾರದ ಕಸಿ ಮಾಡಿ ನೋಡಿದರು. ಕೊನೆಗೆ ವೈದ್ಯರು ದುಂಡಿಗೇ ಮರಳಿದರು.

ಕೈಯಲ್ಲಿ ಹಿಡಿದ ಅಲಗಿನ ತೊಂದರೆ ಏನು? ಒತ್ತಿದರೆ ಮೆತ್ತಗಿನ ಕಣ್ಣು ಒಳಗೆ ತಗ್ಗುತ್ತದೆ, ಅಲಗು ವಾಲುತ್ತದೆ. ಅದಕ್ಕೇ ಹೆಸ್‌ಬರ್ಗ್-ಬ್ಯಾರನ್ ಟ್ರಿಫೈನ್ ಬಂತು. ಅದರ ಉಂಗುರ ಗಾಳಿ ಹೀರಿ ಕಾರ್ನಿಯಾವನ್ನು ಕಚ್ಚಿ ಹಿಡಿಯುತ್ತದೆ. ವೈದ್ಯರು ಒಂದು ಪೂರ್ತಿ ಸುತ್ತು ತಿರುಗಿಸಿದರೆ ಅಲಗು ಇಳಿಯೋದು ಸುಮಾರು ಕಾಲು ಮಿಲಿಮೀಟರ್.

ಆಮೇಲೆ ಲೇಸರ್. ಕ್ಷಣದ ಅತಿ ಸಣ್ಣ ಭಾಗದಷ್ಟೇ ಮಿನುಗುವ ಫೆಮ್ಟೊಸೆಕೆಂಡ್ ಲೇಸರ್ ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸುತ್ತದೆ. ಬಡಗಿ ಎರಡು ಮರ ಬೆಸೆದಂತೆ ಬಿಲ್ಲೆ ಭದ್ರವಾಗಿ ಕೂರುತ್ತದೆ. ಮೊದಲ ಕೆಲವು ತಿಂಗಳು ಅಸ್ಟಿಗ್ಮ್ಯಾಟಿಸಂ ಕಡಿಮೆ ಅಂತ ಅಧ್ಯಯನಗಳು ಹೇಳಿದವು. ಆದರೆ ಹೊಲಿಗೆ ಬಿಚ್ಚಿದ ಮೇಲೆ ಅಲಗಿಗೂ ಲೇಸರಿಗೂ ಇದ್ದ ವ್ಯತ್ಯಾಸ ಹಲವು ಕಡೆ ಕರಗಿಹೋಯಿತು. ಕೂದಲಿಗಿಂತ ತೆಳ್ಳಗಿನ ನೈಲಾನ್ ದಾರದಲ್ಲಿ ಸಾಮಾನ್ಯವಾಗಿ 16 ಹೊಲಿಗೆ ಬೀಳುತ್ತವೆ. ಒಂದು ಬಿಗಿ, ಇನ್ನೊಂದು ಸಡಿಲವಾದರೆ ಎಷ್ಟು ದುಂಡಗಿನ ಬಿಲ್ಲೆಯೂ ಸೊಟ್ಟಗಾಗುತ್ತದೆ ಅಲ್ವಾ? ಯಾರಾದರೂ ನನ್ನನ್ನು ಕೇಳಿದರೆ, ಲೇಸರಿಗೆ ಜಾಸ್ತಿ ದುಡ್ಡು ಕೊಡುವ ಮೊದಲು ಹೊಲಿಯುವ ಕೈಯ ಅನುಭವ ವಿಚಾರಿಸಿ ಅನ್ನುತ್ತೇನೆ.

ಈಗ ಎಷ್ಟೋ ಕಣ್ಣುಗಳಿಗೆ ಇಡೀ ಬಿಲ್ಲೆಯೇ ಬೇಕಾಗಿಲ್ಲ, ಕೆಟ್ಟ ಪದರವನ್ನಷ್ಟೇ ಬದಲಿಸಿದರೆ ಸಾಕು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳು ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ಬಂದಾಗ ಆದದ್ದೂ ಇದೇ. ಒಂದೊಂದು ಕಾರ್ನಿಯಾವನ್ನೂ ಮುಂದಿನ ಪದರ, ಹಿಂದಿನ ಪದರ ಅಂತ ಸೀಳಿದರು. ಎರಡು ಕಣ್ಣುಗಳು ನಾಲ್ಕು ಜನರಿಗೆ ಹೋದವು.