ಗೌರಿಬಿದನೂರಿನ ಆಂಟೆನಾಗೆ ಸೂಪರ್‌ಕಂಡಕ್ಟರ್ ಆಂಪ್ಲಿಫೈಯರ್ ಯಾಕೆ ಹಾಕಲ್ಲ?

ಪ್ರಶ್ನೆ: ಕ್ವಾಂಟಂ ಕಂಪ್ಯೂಟರಿನಲ್ಲಿ ಗದ್ದಲ ತೀರಾ ಕಡಿಮೆ ಇರುವ ಸೂಪರ್‌ಕಂಡಕ್ಟರ್ ಆಂಪ್ಲಿಫೈಯರ್ (ತೀರಾ ತಣ್ಣಗಾದಾಗ ಕರೆಂಟಿಗೆ ರೆಸಿಸ್ಟೆನ್ಸೇ ಇಲ್ಲದ ವಸ್ತುವಿನದು) ಬಳಸ್ತಾರಂತೆ. ನಮ್ಮ ಗೌರಿಬಿದನೂರಿನ ರೇಡಿಯೋ ಟೆಲಿಸ್ಕೋಪಿಗೂ ಅದನ್ನೇ ಹಾಕಿದರೆ ಆಕಾಶ ಇನ್ನೂ ಚೆನ್ನಾಗಿ ಕಾಣಲ್ವಾ?

ಉತ್ತರ: ಇಲ್ಲ, ಏನೂ ಲಾಭವಿಲ್ಲ. ಯಾಕೆ ಅಂತ ನೋಡೋಣ.

ಯಾವ ಆಂಪ್ಲಿಫೈಯರ್ ಆದರೂ ಸಿಗ್ನಲ್ ಜೊತೆ ತನ್ನದೂ ಒಂದಿಷ್ಟು ಗದ್ದಲ, ಅಂದರೆ ಬೇಡದ ಏರಿಳಿತ, ಸೇರಿಸುತ್ತದೆ. ಎಷ್ಟು ಬಿಸಿಯ ವಸ್ತು ಅಷ್ಟು ಗದ್ದಲ ಹೊಮ್ಮಿಸುತ್ತದೆ ಅನ್ನುವ ಲೆಕ್ಕದಲ್ಲಿ ಅದನ್ನು ಕೆಲ್ವಿನ್‌ನಲ್ಲಿ (ತಾಪಮಾನದ ಅಳತೆ) ಅಳೆಯುತ್ತಾರೆ. ಗೌರಿಬಿದನೂರಿನಲ್ಲಿ ಟಿ ಆಕಾರದಲ್ಲಿ 1000 ಡೈಪೋಲ್ (ಸರಳ ತಂತಿ ಆಂಟೆನಾ) ನೆಟ್ಟು ಆಕಾಶ ನೋಡಿದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಅಲ್ಲಿ ನಮ್ಮ ಹಾಲುಹಾದಿಯದೇ ದೊಡ್ಡ ಗದ್ದಲ, ಸುಮಾರು 10,000 ಕೆಲ್ವಿನ್. ಸಾಧಾರಣ ಆಂಪ್ಲಿಫೈಯರ್ ಅದಕ್ಕೆ 300 ಕೆಲ್ವಿನ್ ಸೇರಿಸಿದರೂ ಹೆಚ್ಚುವುದು ನೂರಕ್ಕೆ ಮೂರು ಪಾಲು ಮಾತ್ರ. ಅದನ್ನು ಸೊನ್ನೆಗೆ ಇಳಿಸಿದರೂ ಚಿತ್ರ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಕ್ವಾಂಟಂ ಕಂಪ್ಯೂಟರಿನ ಕಥೆ ಪೂರಾ ಉಲ್ಟಾ. ಕ್ಯೂಬಿಟ್ (ಅದರಲ್ಲಿ ಮಾಹಿತಿ ಹಿಡಿದಿಡುವ ಘಟಕ) ಇರುವ ಜಾಗ 10–20 ಮಿಲಿಕೆಲ್ವಿನ್‌ನಷ್ಟು ತಣ್ಣಗೆ. ಅದನ್ನು ಓದುವ ಸಿಗ್ನಲ್ ಸುಮಾರು 6 ಗಿಗಾಹರ್ಟ್ಸ್‌ನದು, ಬೆರಳೆಣಿಕೆಯ ಫೋಟಾನ್ (ಅಲೆಯ ಶಕ್ತಿಯ ಅತಿ ಸಣ್ಣ ತುಣುಕು)‌ಗಳಷ್ಟೇ. ಅಲ್ಲಿ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನು 4 ಕೆಲ್ವಿನ್‌ಗೆ ತಣಿಸಿ ಇಟ್ಟರೂ ಅದು ಸೇರಿಸುವ ಒಂದೆರಡು ಕೆಲ್ವಿನ್ ಗದ್ದಲವೇ ಜಾಸ್ತಿ ಆಗುತ್ತದೆ. ಹಾಗಾಗಿ ಅದಕ್ಕೂ ಮೊದಲು ಜೋಸೆಫ್‌ಸನ್ ಜಂಕ್ಷನ್ ಇರುವ ಆಂಪ್ಲಿಫೈಯರ್ ಕೂರಿಸುತ್ತಾರೆ. ಜಂಕ್ಷನ್ ಅಂದರೆ ಸೂಪರ್‌ಕಂಡಕ್ಟರ್ ಆಗಿರುವ ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಸುಮಾರು ಒಂದು ನ್ಯಾನೋಮೀಟರ್ ದಪ್ಪದ ಆಕ್ಸೈಡ್. ಜೋಕಾಲಿಯಲ್ಲಿ ನಿಂತವರು ಸರಿಯಾದ ಹೊತ್ತಿಗೆ ಕೂತು ಎದ್ದು ಜೀಕಿದರೆ ಸಣ್ಣ ತೂಗಾಟವೂ ಜೋರಾಗುತ್ತದೆ ಅಲ್ವಾ? ಇಲ್ಲಿ ಜೀಕುವ ಕೆಲಸ ಪಂಪ್ ಎಂಬ ಇನ್ನೊಂದು ಮೈಕ್ರೋವೇವ್ ಸಿಗ್ನಲ್‌ನದು. ಅದರ ಶಕ್ತಿ ನಮಗೆ ಬೇಕಾದ ಸಿಗ್ನಲಿಗೆ ಸೇರಿ ಅದು ನೂರು ಪಟ್ಟು ಬೆಳೆಯುತ್ತದೆ. ಕರೆಂಟಿಗೆ ರೆಸಿಸ್ಟೆನ್ಸ್ ಇಲ್ಲದ್ದರಿಂದ ಬಿಸಿಯ ಗದ್ದಲವೂ ಸೇರುವುದಿಲ್ಲ. ಉಳಿಯುವುದು ಪ್ರಕೃತಿಯೇ ಹಾಕಿದ ಮಿತಿ: ಕನಿಷ್ಠ ಅರ್ಧ ಫೋಟಾನ್. 6 ಗಿಗಾಹರ್ಟ್ಸ್‌ನಲ್ಲಿ ಅದು ಸುಮಾರು 0.14 ಕೆಲ್ವಿನ್. ಆ ಮಿತಿಯ ಹತ್ತಿರದವರೆಗೆ ಹೋಗಿರುವುದು ಇತ್ತೀಚಿನ ಭೌತಶಾಸ್ತ್ರದ ಸೊಗಸಾದ ಕೆಲಸಗಳಲ್ಲಿ ಒಂದು ಅಂತ ನನಗನ್ನಿಸುತ್ತದೆ.

ಅಮೆರಿಕದ ಸಿಯಾಟಲ್‌ನಲ್ಲಿ ಆಕ್ಸಿಯಾನ್ ಎಂಬ, ಇನ್ನೂ ಸಿಗದ ಕಣವನ್ನು ಹುಡುಕುವ ಎಡಿಎಂಎಕ್ಸ್ ಪ್ರಯೋಗಕ್ಕೂ ಇಂಥದ್ದೇ ಬೇಕಾಯಿತು. ಅದಕ್ಕೆ ಸ್ಕ್ವಿಡ್ (ಜೋಸೆಫ್‌ಸನ್ ಜಂಕ್ಷನ್ ಇರುವ ಸೂಪರ್‌ಕಂಡಕ್ಟರ್ ಉಂಗುರ) ಆಂಪ್ಲಿಫೈಯರ್ ಮಾಡಿಕೊಟ್ಟದ್ದು 2025ರ ನೊಬೆಲ್ ಹಂಚಿಕೊಂಡ ಜಾನ್ ಕ್ಲಾರ್ಕ್ ಅವರ ತಂಡ.

ಇನ್ನೊಂದು ತೊಡಕಿದೆ. ಈ ಆಂಪ್ಲಿಫೈಯರ್‌ಗಳು ತುಂಬಾ ನಾಜೂಕು. ಮಾಮೂಲಿ ಜೋಸೆಫ್‌ಸನ್ ಆಂಪ್ಲಿಫೈಯರಿಗೆ ಒಂದು ವಾಟ್‌ನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು, ಅದರಲ್ಲೂ ನೂರನೇ ಒಂದು ಪಾಲು ಬಂದರೂ ಜಾಸ್ತಿಯೇ. ಗೌರಿಬಿದನೂರಿನ ಆಕಾಶದಿಂದ ಒಂದು ಮೆಗಾಹರ್ಟ್ಸ್ ಅಗಲದಲ್ಲಿ ಬರುವ ಗದ್ದಲವೇ ಅದರ ಹತ್ತು ಪಟ್ಟು ಮೀರುತ್ತದೆ. ಅಲ್ಲಿ ಕೈಯಲ್ಲಿ ದುಡ್ಡಿದ್ದರೆ ಇನ್ನಷ್ಟು ಡೈಪೋಲ್ ನೆಡುವುದೇ ಸರಿ.